ಕೆಂಪು ಚೀಲ, ಹಸಿರು ಚೀಲ

೩ ಆಗಸ್ಟ್

ಮಾವ,

ನಾವು ಕ್ಷೇಮ. ಫೋನ್ ಮಾಡಬಹುದಿತ್ತು, ಆದರೆ ಗುಂಡಿ ಕಾರ್ಖಾನೆಯ ಅಚ್ಚಿನ ಯಂತ್ರಗಳ ಸದ್ದಿನಲ್ಲಿ ಮೂವತ್ತೊಂಬತ್ತು ವರ್ಷ ಕೂತು ನಿನ್ನ ಕಿವಿ ಮಂದವಾಗಿದೆ. ಹೋದ ಸಲ ನಾನು ಹೇಳಿದ್ದಕ್ಕೆಲ್ಲ "ಹ್ಞೂ, ಊಟ ಆಯ್ತು" ಅಂತಲೇ ಉತ್ತರ ಕೊಟ್ಟೆ. ಅದಕ್ಕೇ ಕಾಗದ.

ವಿಷಯ ಪುಟ್ಟನದು. ಅವನಿಗೆ ನಾಲ್ಕು ತುಂಬಿತು. ಮೊನ್ನೆ ಶಿಶುವಿಹಾರದ ಟೀಚರ್ ನನ್ನನ್ನು ಕರೆದು, ಮಕ್ಕಳು ಕೂರುವ ಕುರ್ಚಿಯಲ್ಲಿ ಕೂರಿಸಿದರು. ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. "ಬೇರೆ ಮಕ್ಕಳು ಸಾಮಾನು ಬೇರೆ ಬೇರೆ ಮಾಡಿ ಇಡ್ತಾರೆ, ಇವನು ಸುಮ್ಮನೆ ನೋಡ್ತಾ ಕೂತಿರ್ತಾನೆ" ಅಂದರು. ಅಲ್ಲಿ ದಿನವೂ ಬಟ್ಟಲಿಂದ ಬಟ್ಟಲಿಗೆ ಕಾಳು ಹಾಕುವುದು, ಚಿಮಟದಲ್ಲಿ ಮಣಿ ಎತ್ತಿಡುವುದು, ಬಣ್ಣ ನೋಡಿ ವಿಂಗಡಿಸುವುದು. ನೋಡಿದರೆ ಆಟ, ಆದರೆ ಕೈ, ಕಣ್ಣು, ತಲೆ ಮೂರೂ ಒಟ್ಟಿಗೆ ಕಲಿಯುವುದು ಅದರಲ್ಲೇ ಅಂತೆ. ಡಿಸೆಂಬರ್ ಮೊದಲ ವಾರ ಒಬ್ಬೊಬ್ಬರನ್ನೇ ಕೂರಿಸಿ ನೋಡುತ್ತಾರೆ. ಆಗದಿದ್ದರೆ ನಿಧಾನ ಕಲಿಯುವ ಮಕ್ಕಳ ಶಾಲೆಗೆ ಬರೆದುಕೊಡುತ್ತಾರೆ. ಅದು ಊರಿನ ಆ ತುದಿಗೆ. ನನ್ನ ಆಸ್ಪತ್ರೆಯ ಪಾಳಿ ಬೆಳಿಗ್ಗೆ ಆರಕ್ಕೆ, ಇವರು ಲಾರಿ ಹತ್ತಿದರೆ ಮೂರು ವಾರ ಬರುವುದಿಲ್ಲ. ಅವನು ಅಲ್ಲೇ ಇರಬೇಕಾಗುತ್ತದೆ, ಸೋಮವಾರ ಬಿಟ್ಟು ಶನಿವಾರ ಕರೆತರುವುದು.

ಮಾವ, ನಾಲ್ಕು ವರ್ಷದ ಮಗು.

ನಿನ್ನ ಜೀವನವೆಲ್ಲ ವಿಂಗಡಿಸುವುದರಲ್ಲೇ ಹೋಯಿತಲ್ಲ. ಮನೆಯಲ್ಲಿ ಏನು ಮಾಡಿಸಲಿ, ಹೇಗೆ ಮಾಡಿಸಲಿ, ಬರೆ. ನಿನ್ನ ಕುಚೇಷ್ಟೆ ಮಾತ್ರ ಬೇಡ. ಅಮ್ಮ ಕೆಂಪು ಕೊಡೆ ತಾ ಅಂದರೆ ಹಸಿರು ಕೊಡೆ ತಂದು "ಇದರಲ್ಲಿ ಥೇಟ್ ಕಪ್ಪೆ ಹಾಗೆ ಕಾಣ್ತೀಯ ಅಕ್ಕ" ಅಂದವನು ನೀನು. ಅಮ್ಮ ಸಾಯುವವರೆಗೂ ಅದನ್ನು ಹೇಳಿ ನಗುತ್ತಿದ್ದಳು. ನಗುವ ಸ್ಥಿತಿಯಲ್ಲಿ ನಾನಿಲ್ಲ.

ನಿನ್ನ ಅಕ್ಕನ ಮಗಳು

೧೧ ಆಗಸ್ಟ್

ಅಕ್ಕನ ಮಗಳೇ,

ಅಂತೂ ಸರಿಯಾದ ಬಾಗಿಲು ತಟ್ಟಿದೆ. ವಿಂಗಡಿಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ, ಹುಟ್ಟಿದ್ದರೆ ಅವನು ನಿನ್ನ ಮಗನೇ ಇರಬೇಕು. ನಿಮ್ಮ ಟೀಚರ್ ಯಾವ ಕಾಲೇಜು ಓದಿದ್ದಾರೋ, ನಾನು ಹಳ್ಳಿಶಾಲೆಯ ಏಳನೇ ತರಗತಿ. ಆದರೂ ಕಣ್ಣು ಮುಚ್ಚಿ ಒಂದು ಹಿಡಿ ಗುಂಡಿ ಎತ್ತಿದರೆ ಎಷ್ಟು ದೊಡ್ಡದು, ಎಷ್ಟು ದಪ್ಪ, ಎಷ್ಟು ತೂತು, ಯಾವುದರ ಅಂಚು ಮುಕ್ಕಾಗಿದೆ, ಎಲ್ಲ ಹೇಳುತ್ತೇನೆ. ಒಮ್ಮೆ ಕಾರ್ಖಾನೆ ನೋಡಲು ಬಂದ ದೊಡ್ಡ ಮನುಷ್ಯ ನನ್ನ ಬೆರಳುಗಳನ್ನು ಹಿಡಿದು ನೋಡಿ, ಇದರೊಳಗೆ ಏನಿಟ್ಟಿದ್ದೀಯಪ್ಪ ಅಂದ.

ನಿನಗೆ ಹೇಳಲು ಮರೆತೆ, ನನಗೆ ಬಡ್ತಿ ಆಗಿದೆ. ವಿಂಗಡಣೆ ಕೋಣೆಯ ಬೆಂಚು ಬಿಟ್ಟು ಈಗ ಮುಖ್ಯ ಗೇಟಿನಲ್ಲಿದ್ದೇನೆ. ಸ್ವಂತ ಕುರ್ಚಿ, ಸ್ವಂತ ಕಿಟಕಿ, ಕೊರಳಲ್ಲಿ ಸೀಟಿ. ನಾನು ಸರಳು ಎತ್ತದೆ ಮಾಲೀಕನ ಕಾರೂ ಒಳಗೆ ಬರುವಂತಿಲ್ಲ.

ಈಗ ಪಾಠ. ಅಂಚಿರುವ ಒಂದು ದೊಡ್ಡ ತಟ್ಟೆ ತಗೋ. ಒಂದೇ ಥರದ ಎರಡು ಬಟ್ಟಲು ಅದರ ಮೇಲಿಡು. ತುಂಬಿದ್ದು ಎಡಕ್ಕೆ, ಖಾಲಿ ಬಲಕ್ಕೆ. ನಾಳೆ ಅಕ್ಷರ ಓದುವಾಗ ಕಣ್ಣು ಹೋಗುವ ದಾರಿಯೂ ಅದೇ. ಮೊದಲು ದೊಡ್ಡ ಕಾಳು, ದೊಡ್ಡ ಚಮಚ. ನೀನು ಒಂದೇ ಸಲ ಮಾಡಿ ತೋರಿಸು, ನಿಧಾನವಾಗಿ, ಬಾಯಿ ಮುಚ್ಚಿಕೊಂಡು. ಕಷ್ಟದ ಕೆಲಸ ಕಾಳಿನದಲ್ಲ, ನಿನ್ನ ಬಾಯಿಯದು. ತಟ್ಟೆಯೊಳಗೆ ಬಿದ್ದದ್ದು ಚೆಲ್ಲಿದ್ದಲ್ಲ, ಅದನ್ನು ಅವನೇ ಬೆರಳಲ್ಲಿ ಎತ್ತಲಿ. ಎರಡನೇ ವಾರ ಸಣ್ಣ ಕಾಳು, ಸಣ್ಣ ಚಮಚ. ಮೂರನೇ ವಾರ ಚಿಮಟ. ಆಮೇಲೆ ಸ್ಪಂಜಿನಲ್ಲಿ ನೀರು ಹೀರಿ ಇನ್ನೊಂದು ಬಟ್ಟಲಿಗೆ ಹಿಂಡುವುದು. ಇನ್ನೂ ಬಾಯಿಗೆ ಹಾಕಿಕೊಳ್ಳುವ ವಯಸ್ಸು, ಪಕ್ಕ ಬಿಟ್ಟು ಏಳಬೇಡ.

ಡಿಸೆಂಬರಿಗೆ ನಿಮ್ಮ ಟೀಚರ್ ಅವನ ಹತ್ತಿರ ಪಾಠ ಹೇಳಿಸಿಕೊಳ್ಳದಿದ್ದರೆ ನನ್ನ ಮೀಸೆ ತೆಗೆಸುತ್ತೇನೆ. ಮೀಸೆ ಇಲ್ಲ ಅನ್ನಬೇಡ, ಅದಕ್ಕೋಸ್ಕರ ಬೆಳೆಸುತ್ತೇನೆ.

ನಿನ್ನ ಮಾವ

೨೯ ಆಗಸ್ಟ್

ಮಾವ,

ಮೀಸೆ ಬೆಳೆಸು. ನಿನ್ನ ಪಾಠ ನಾಟಿದೆ. ಕೆಲಸದಿಂದ ಬಂದ ಮೇಲೆ ಅಡುಗೆಮನೆಯ ನೆಲದಲ್ಲಿ ತಟ್ಟೆ ಇಡುತ್ತೇನೆ. ಒಂದೊಂದೇ ಕಾಳು, ಒಂದೊಂದೇ ಕಾಳು. ಮುಗಿದ ಮೇಲೆ ಬಟ್ಟಲುಗಳ ಜಾಗ ಬದಲಿಸಿ ಮತ್ತೆ ಮೊದಲಿಂದ. ನಿನ್ನ ವಾರದ ಲೆಕ್ಕ ಅವನು ಕೇಳಲಿಲ್ಲ, ಆಗಲೇ ಸ್ಪಂಜಿಗೆ ಬಂದಿದ್ದಾನೆ. ಹಿಂಡುವಾಗ ನಾಲಿಗೆಯ ತುದಿ ಹೊರಗೆ ಬಂದಿರುತ್ತದೆ. ಒಂದು ಹನಿ ಆಚೆ ಹೋಗುವುದಿಲ್ಲ. ನಾನು ದಿನವಿಡೀ ಆಸ್ಪತ್ರೆಯ ಹಾಸಿಗೆಬಟ್ಟೆ ಮಡಿಸಿ ಬಂದವಳು, ಅವನನ್ನು ನೋಡುತ್ತಾ ಗೋಡೆಗೆ ಒರಗಿ ಅಲ್ಲೇ ನಿದ್ದೆ ಹೋಗಿರುತ್ತೇನೆ. ಎದ್ದಾಗ ಒಗೆದ ಕಾಲುಚೀಲಗಳನ್ನು ಜೋಡಿ ಮಾಡಿ ನನ್ನ ಕಾಲ ಬಳಿ ಸಾಲಾಗಿ ಇಟ್ಟಿರುತ್ತಾನೆ.

ಅಡ್ಡಿಯಾಗಿರುವುದು ಒಂದೇ, ಬಣ್ಣ. ದೊಡ್ಡದು ಚಿಕ್ಕದು ಹೇಳುತ್ತಾನೆ, ನುಣುಪು ಒರಟು ಹೇಳುತ್ತಾನೆ. ಕೆಂಪು ಮಣಿ, ಹಸಿರು ಮಣಿ ಮುಂದಿಟ್ಟರೆ ಕೈ ನಿಂತುಬಿಡುತ್ತದೆ. ಮಣಿ ಎತ್ತಿ ನನ್ನ ಮುಖ ನೋಡುತ್ತಾನೆ. ಯಾವ ಬಟ್ಟಲ ಮೇಲೆ ಕೈ ಹೋದಾಗ ನಾನು ನಗುತ್ತೇನೆ ಅಂತ ಕಾಯುತ್ತಾನೆ.

"ಬುದ್ಧಿ ಇದೆ, ಗಮನ ಇಲ್ಲ" ಅನ್ನುತ್ತಾರೆ ಟೀಚರ್. ಡಿಸೆಂಬರಿನಲ್ಲಿ ಅವರು ನೋಡುವ ಮೊದಲ ಕೆಲಸವೇ ಬಣ್ಣದ್ದಂತೆ. ನಿನ್ನ ಕಾರ್ಖಾನೆಯಲ್ಲಿ ಬಿಸಾಡುವ ಗುಂಡಿಗಳಿರುತ್ತವಲ್ಲ, ಒಂದು ಚೀಲ ಕೆಂಪು, ಒಂದು ಚೀಲ ಹಸಿರು ಕಳಿಸು. ದೊಡ್ಡ ಗಾತ್ರದವು, ನುಂಗಲಾಗದಂಥವು.

ನಿನ್ನ ಅಕ್ಕನ ಮಗಳು

೯ ಸೆಪ್ಟೆಂಬರ್

ಮಗಳೇ,

ಕಾಲುಚೀಲ ಜೋಡಿ ಮಾಡಿದನೆಂದು ಓದಿ ಗೇಟಿಗೆ ಬಂದ ನಾಲ್ಕು ಲಾರಿಯವರಿಗೂ ಹೇಳಿದೆ. ಅವನಿಗೆ ಇರುವೆ ಸಾಹೇಬ ಅಂತ ಹೆಸರಿಟ್ಟಿದ್ದೇನೆ. ಇರುವೆಯೂ ಹಾಗೇ, ಹೊತ್ತುಕೊಂಡು ಹೋಗುವುದು ಬಿಟ್ಟು ಬೇರೆ ಮಾತಿಲ್ಲ.

ಬಣ್ಣ ಬಣ್ಣ ಅಂತ ಯಾಕೆ ಹಿಂದೆ ಬಿದ್ದಿದ್ದಾರೆ? ಬಣ್ಣ ಒಗೆದರೆ ಹೋಗುವಂಥದ್ದು. ಅಳತೆ ಹೋಗುವುದಿಲ್ಲ. ಅವನಿಗೆ ಈ ಆಟ ಕಲಿಸು: ಒಂದು ಚೀಲದೊಳಗೆ ಚಮಚ, ಬಿರಡೆ, ಬೀಗದಕೈ, ಗೋಲಿ ಹಾಕಿ, ಒಳಗೆ ಕೈ ಬಿಟ್ಟು ನೋಡದೆ ಹೇಳಲಿ. ಬಾಟಲಿಗಳನ್ನೂ ಮುಚ್ಚಳಗಳನ್ನೂ ಬೇರೆ ಮಾಡಿಟ್ಟು ಯಾವುದಕ್ಕೆ ಯಾವುದು ಅಂತ ಹುಡುಕಲಿ. ಇದನ್ನು ಮಾಡುವ ಮಗುವನ್ನು ನಿಧಾನ ಅನ್ನುವವರು ಯಾರು, ನನ್ನ ಹತ್ತಿರ ಕಳಿಸು, ನಾನು ಮಾತಾಡುತ್ತೇನೆ.

ಮೀಸೆ ಬರುತ್ತಿದೆ. ಸೊಗಸಾಗಿದೆ ಅಂತ ಎಲ್ಲರೂ ಹೇಳುತ್ತಾರೆ. ಎಲ್ಲರೂ ಅಂದರೆ ಕನ್ನಡಿ.

ನಿನ್ನ ಮಾವ

೧೭ ಸೆಪ್ಟೆಂಬರ್

ಮಾವ,

ನಾನು ಕೇಳಿದ್ದು ಒಂದು, ನೀನು ಬರೆದದ್ದು ಇನ್ನೊಂದು. ಚೀಲದ ಆಟ ಅವನಿಗೆ ಇಷ್ಟವಾಯಿತು, ನಿಜ. ಆದರೆ ಡಿಸೆಂಬರಿನಲ್ಲಿ ಅವರು ಕೇಳುವುದು ಬಣ್ಣ. ಕೆಂಪು, ಹಸಿರು. ಎರಡು ಚೀಲ. ಆಗುವುದಿಲ್ಲವೆಂದರೆ ಆಗುವುದಿಲ್ಲವೆಂದು ಬರೆ, ಬೇರೆ ಕಡೆ ನೋಡುತ್ತೇನೆ.

೪ ಅಕ್ಟೋಬರ್

ಮಗಳೇ,

ಆಗುವುದಿಲ್ಲ ಅನ್ನುವ ಮಾತು ಈ ಮನುಷ್ಯನ ನಿಘಂಟಿನಲ್ಲಿಲ್ಲ. ಇದೋ ಪಾರ್ಸೆಲ್. ಎರಡು ಬಟ್ಟೆ ಚೀಲ ನಾನೇ ಹೊಲಿದದ್ದು. ಒಂದರ ಮೇಲೆ ಕೆಂಪು ಅಂತ, ಇನ್ನೊಂದರ ಮೇಲೆ ಹಸಿರು ಅಂತ ಮಸಿಯಲ್ಲಿ ಬರೆದಿದ್ದೇನೆ. ಒಂದೊಂದರಲ್ಲೂ ಅರವತ್ತು ಕೋಟಿನ ಗುಂಡಿ, ಅಂಚು ಮುಕ್ಕಾದದ್ದು ಒಂದೂ ಇಲ್ಲ. ಬಿಸಾಡುವ ಮಾಲಿನ ತೊಟ್ಟಿಯಲ್ಲಿ ಮೊಣಕೈವರೆಗೆ ಕೈಹಾಕಿ ಮೂರು ಭಾನುವಾರ ಆರಿಸಿದ್ದು. ಚಿಮಟವನ್ನೂ ಇಟ್ಟಿದ್ದೇನೆ, ಮರದ್ದು, ಅವನ ಹೆಬ್ಬೆರಳಿನ ಅಳತೆಗೆ ಕೆತ್ತಿದ್ದು. ಅಳತೆ ಹೇಗೆ ಗೊತ್ತು ಅನ್ನುತ್ತೀಯಾ? ನೀನು ಹೋದ ವರ್ಷ ಕಳಿಸಿದ ಫೋಟೋದಲ್ಲಿ ಅವನು ಲೋಟ ಹಿಡಿದಿದ್ದಾನಲ್ಲ, ಲೋಟದ ಲೆಕ್ಕದಿಂದ ಬೆರಳು ಹಿಡಿದೆ.

ಮೂವತ್ತೊಂಬತ್ತು ವರ್ಷದಲ್ಲಿ ಈ ಕೈಯಿಂದ ಒಂದು ಗುಂಡಿ ತಪ್ಪು ಡಬ್ಬಕ್ಕೆ ಬಿದ್ದಿಲ್ಲ. ನಿಶ್ಚಿಂತೆಯಿಂದ ಟೀಚರಿಗೆ ತೋರಿಸು.

ನಿನ್ನ ಮಾವ

೧೩ ಅಕ್ಟೋಬರ್

ಮಾವ,

ಪಾರ್ಸೆಲ್ ಬುಧವಾರ ಪಕ್ಕದ ಮನೆಯವರ ಕೈಗೆ ಬಂದಿತ್ತು. ಗುರುವಾರ ಬೆಳಗಿನ ಜಾವ ಅವರಿಗೆ ಪುಟ್ಟನನ್ನು ಒಪ್ಪಿಸಿ ನಾನು ಬಸ್ಸಿಗೆ ಓಡುವ ಹೊತ್ತಿಗೆ ಕೊಟ್ಟರು. ಮನೆಯಲ್ಲಿ ಏನು ಅಭ್ಯಾಸ ಮಾಡಿಸುತ್ತೀರಿ, ತಂದು ತೋರಿಸಿ ಅಂತ ಟೀಚರ್ ಹೇಳಿದ್ದರು. ನೀನು ನಿಶ್ಚಿಂತೆ ಅಂದೆಯಲ್ಲ, ನಾನು ಚೀಲ ಬಿಚ್ಚಿಯೂ ನೋಡದೆ ಅವನ ಜೊತೆ ಕಳಿಸಿದೆ.

ಮಧ್ಯಾಹ್ನ ಕರೆದುಕೊಂಡು ಬರಲು ಹೋದರೆ ಟೀಚರ್ ನಿನ್ನ ಕೆಂಪು ಚೀಲವನ್ನು ತಟ್ಟೆಗೆ ಸುರಿದು ನನ್ನ ಮುಂದಿಟ್ಟರು. ಅರ್ಧ ಕೆಂಪು, ಅರ್ಧ ಹಸಿರು. ಹಸಿರು ಚೀಲವೂ ಹಾಗೇ. ಇನ್ನಿಬ್ಬರು ತಾಯಂದಿರು ನಿಂತಿದ್ದರು. "ಮನೆಯಲ್ಲಿ ಹೀಗೆ ಕಲಿಸಿದ್ರೆ ನಾವು ಇಲ್ಲಿ ಏನು ಮಾಡೋದು ಹೇಳಿ" ಅಂದರು, ಬೈದೂ ಇಲ್ಲ, ಮೆತ್ತಗೆ. ನಿನ್ನ ಇರುವೆ ಸಾಹೇಬ ಆ ತಟ್ಟೆಯ ಮುಂದೆ ಕೂತು ಎಲ್ಲವನ್ನೂ ತಿರುಗಿಸಿ ತಿರುಗಿಸಿ ನೋಡಿ, ನಾಲ್ಕು ತೂತಿನವನ್ನೆಲ್ಲ ಕೆಂಪು ಚೀಲಕ್ಕೆ, ಎರಡು ತೂತಿನವನ್ನೆಲ್ಲ ಹಸಿರು ಚೀಲಕ್ಕೆ ವಾಪಸ್ ತುಂಬಿದ. "ಅಮ್ಮ, ತಾತ ಸರಿಯಾಗೇ ಇಟ್ಟಿದಾರೆ" ಅಂದ. ಟೀಚರ್ ಏನೋ ಬರೆದುಕೊಂಡರು.

ನಿನಗೆ ಇದು ನಗುವ ವಿಷಯವೇ? ನನ್ನ ಮದುವೆಗೆ ಒಂದು ಕಾಲಿಗೆ ಕಂದು, ಒಂದು ಕಾಲಿಗೆ ಹಸಿರು ಕಾಲುಚೀಲ ಹಾಕಿ ಬಂದೆ, ನಕ್ಕೆವು. ಇದು ಮದುವೆಯಲ್ಲ. ಕುಚೇಷ್ಟೆ ಬೇಡ ಅಂತ ಮೊದಲ ಕಾಗದದಲ್ಲೇ ಬೇಡಿಕೊಂಡಿದ್ದೆ.

ಇನ್ನು ಏನೂ ಕಳಿಸಬೇಡ.

೨೦ ಅಕ್ಟೋಬರ್

ಮಗಳೇ,

ಹೌದು. ಕುಚೇಷ್ಟೆಯೇ. ವಯಸ್ಸಾದರೂ ಬುದ್ಧಿ ಬಂದಿಲ್ಲ ನೋಡು. ನೀನು ಮೊದಲು ಬಿಚ್ಚಿ ನೋಡುತ್ತೀಯ, ನಗುತ್ತೀಯ ಅಂದುಕೊಂಡೆ. ಕ್ಷಮಿಸು.

ಮಗು ತೂತು ನೋಡಿ ವಿಂಗಡಿಸಿದನಲ್ಲ, ಅದಕ್ಕೆ ಅವನನ್ನು ಬೈಯಬೇಡ.

ಮಾವ

೮ ನವೆಂಬರ್

ಮಗಳೇ,

ನಿನ್ನ ಕಾಗದವಿಲ್ಲ. ಇರಲಿ, ನಾನೇ ಬರೆಯುತ್ತೇನೆ.

ಗೇಟಿನ ಕೋಣೆ ಚೆನ್ನಾಗಿದೆ ಎಂದಿದ್ದೆನಲ್ಲ. ಮೂರು ಹೆಜ್ಜೆ ಉದ್ದ, ಎರಡು ಹೆಜ್ಜೆ ಅಗಲ. ಕಿಟಕಿಯಿಂದ ವಿಂಗಡಣೆ ಕೋಣೆಯ ಬಾಗಿಲು ಕಾಣುತ್ತದೆ. ಪಾಳಿ ಬಿಟ್ಟಾಗ ಹೊಸಬರು ಹೊರಗೆ ಬರುತ್ತಾರೆ, ನಾನು ಸೀಟಿ ಊದಿ ಒಂದು ತಮಾಷೆ ಮಾಡುತ್ತೇನೆ, ಅರ್ಧ ಜನ ನಗುತ್ತಾರೆ, ಉಳಿದವರು ಕಿವಿಗೆ ಏನೋ ಹಾಕಿಕೊಂಡಿರುತ್ತಾರೆ. ನನ್ನ ಎದುರು ಮೇಜಿನಲ್ಲಿ ಇಪ್ಪತ್ತೆರಡು ವರ್ಷ ಕೂತಿದ್ದ ಹೆಂಗಸು ಹೋದ ಫೆಬ್ರವರಿಯಲ್ಲಿ ಕೆಲಸ ಬಿಟ್ಟು ತಂಗಿಯ ಊರಿಗೆ ಹೋದಳು. ಅವಳದೂ ನನ್ನದೂ ಎರಡೂ ಮೇಜು ತೆಗೆದು ಅಲ್ಲಿ ನೀರಿನ ಯಂತ್ರ ಇಟ್ಟಿದ್ದಾರೆ.

ಮನೆಯಲ್ಲಿ ನಾನೂ ನಿನ್ನ ಮಗನ ಪಾಠ ಮಾಡುತ್ತೇನೆ. ಊಟವಾದ ಮೇಲೆ ತಟ್ಟೆ, ಎರಡು ಬಟ್ಟಲು, ಒಂದು ಹಿಡಿ ಗುಂಡಿ. ಇತ್ತಿಂದ ಅತ್ತ, ಅತ್ತಿಂದ ಇತ್ತ. ಮುಗಿದ ಮೇಲೆ ನೋಡಿ ಶಭಾಷ್ ಅನ್ನುವವರು ಬೇಕು, ಅದೊಂದು ಕೊರತೆ.

ಅವನು ಹೇಗಿದ್ದಾನೆ? ಒಂದು ಸಾಲು ಬರೆ.

ಮಾವ

೧೭ ನವೆಂಬರ್

ಮಾವ,

ಒಂದು ಸಾಲು ಕೇಳಿದೆ. ಸಾಲು ಸ್ವಲ್ಪ ಉದ್ದವಾಗುತ್ತದೆ.

ಡಿಸೆಂಬರ್ ನಾಲ್ಕಕ್ಕೆ ಅವನನ್ನು ಕೂರಿಸಿ ನೋಡುತ್ತಾರೆ. ಆ ಶಾಲೆಗೆ ಕೊಡಬೇಕಾದ ಬಟ್ಟೆಯ ಪಟ್ಟಿಯನ್ನು ಟೀಚರ್ ಈಗಲೇ ಕೊಟ್ಟಿದ್ದಾರೆ, ನಾನು ಸಿದ್ಧವಾಗಿರಲಿ ಅಂತ. ಆರು ಅಂಗಿ, ಆರು ಚಡ್ಡಿ, ಒಂದು ಹೊದಿಕೆ, ಎಲ್ಲದರ ಮೇಲೂ ಗುರುತು ಹೊಲಿಯಬೇಕು. ನಾಲ್ಕು ಅಂಗಿಗೆ ಹೊಲಿದೆ.

ಭಾನುವಾರ ಉದ್ಯಾನಕ್ಕೆ ಕರೆದುಕೊಂಡು ಹೋಗಿದ್ದೆ. ಚೆಂಡು ಹುಲ್ಲಿನೊಳಗೆ ಉರುಳಿತು. "ಹೋಗು, ತಗೊಂಡು ಬಾ" ಅಂದೆ. ಅವನು ಹುಲ್ಲಿನ ನಡುವೆ ನಿಂತು ಸುತ್ತ ನೋಡಿದ. ಚೆಂಡು ಅವನ ಕಾಲಿನ ಪಕ್ಕದಲ್ಲೇ ಇತ್ತು. ಕೆಂಪಗೆ, ಎದ್ದು ಕಾಣುವ ಹಾಗೆ. "ಅಲ್ಲೇ ಇದೆಯಲ್ಲೋ" ಅಂದೆ. ಇನ್ನೊಂದು ಸುತ್ತು ಸುತ್ತಿ ಬಂದ. ನನ್ನನ್ನು ಆಟ ಆಡಿಸುತ್ತಿದ್ದಾನೆ ಅನ್ನಿಸಿತು. ನಿನ್ನ ಹಾಗೆ. ಹೋಗಿ ಅವನ ಕೈಗೆ ಹೊಡೆದೆ. ಅವನು ಅಳಲಿಲ್ಲ. "ಅಮ್ಮ, ಕೆಂಪು ಎಲ್ಲಿರತ್ತೆ?" ಅಂತ ಕೇಳಿದ.

ನಿನ್ನಿಂದ ಏನೂ ಬೇಕಾಗಿಲ್ಲ. ಅವನು ಹೊಸ ಶಾಲೆಗೆ ಹೋದ ಮೇಲೆ ವಿಳಾಸ ಕಳಿಸುತ್ತೇನೆ, ಅವನಿಗೆ ಚಿತ್ರ ಬಿಡಿಸಿ ಕಳಿಸು. ಅಲ್ಲಿ ಅವನಿಗೆ ಯಾರೂ ಇರುವುದಿಲ್ಲ.

೨೧ ನವೆಂಬರ್

ಮಗಳೇ,

ಕೂತು ಓದು. ಓದಿ ಮುಗಿಸಿದ ಮೇಲೆ ಈ ಕಾಗದವನ್ನೇ ಟೀಚರ್ ಕೈಗೆ ಕೊಡು. ನನ್ನ ಮಾನದ ಯೋಚನೆ ಬೇಡ.

ನನಗೆ ಕೆಂಪು, ಹಸಿರು ಬೇರೆ ಬೇರೆ ಕಾಣುವುದಿಲ್ಲ. ಎಂದೂ ಕಂಡಿಲ್ಲ. ದೃಷ್ಟಿ ಮಂಜಾಗಿಲ್ಲ, ಸೂಜಿಗೆ ದಾರ ಈಗಲೂ ಪೋಣಿಸುತ್ತೇನೆ. ನೀಲಿ ಗೊತ್ತು, ಹಳದಿ ಗೊತ್ತು. ಕೆಂಪು, ಹಸಿರು, ಕಂದು ಈ ಮೂರು ಮಾತ್ರ ಒಂದೇ ಮುಖದ ಅಣ್ಣತಮ್ಮಂದಿರ ಹಾಗೆ, ಯಾರು ಯಾರೆಂದು ತಿಳಿಯುವುದಿಲ್ಲ.

ಹಳ್ಳಿಶಾಲೆಯಲ್ಲಿ ಮೇಷ್ಟರು ಹಲಗೆಯ ಮೇಲೆ ಎಲೆ ಬರೆಯಲು ಕರೆದರು. ನಾನು ಕೈಗೆ ಸಿಕ್ಕ ಸೀಮೆಸುಣ್ಣದಲ್ಲಿ ಬರೆದೆ. ಎಲ್ಲರೂ ನಕ್ಕರು. ಅದು ಕೆಂಪಂತೆ. "ಏನೋ ಇದು" ಅಂತ ಮೇಷ್ಟರು ಬೆತ್ತ ಎತ್ತಿದರು. "ಎಲ್ಲರೂ ನೋಡ್ತಿದಾರಲ್ಲ ಸಾರ್, ಎಲೆಗೆ ನಾಚಿಕೆ ಆಗಿದೆ" ಅಂದೆ. ಮೇಷ್ಟರೂ ನಕ್ಕುಬಿಟ್ಟರು, ಬೆತ್ತ ಕೆಳಗಿಳಿಯಿತು. ಆ ದಿನ ನಾನು ಕಲಿತದ್ದು ಇಷ್ಟು: ತಪ್ಪು ಮಾಡಿದವನಿಗೆ ಏಟು, ತುಂಟನಿಗೆ ಚಪ್ಪಾಳೆ. ಅಲ್ಲಿಂದ ನಾನು ತುಂಟನಾದೆ. ನಿನ್ನಮ್ಮನ ಕೊಡೆ ಕುಚೇಷ್ಟೆಯಲ್ಲ. ಅಂಗಡಿಯಲ್ಲಿ ಎರಡನ್ನೂ ಎತ್ತಿ ಹಿಡಿದು ಬಹಳ ಹೊತ್ತು ನೋಡಿ, ಇದೇ ಇರಬೇಕು ಅಂತ ತಂದದ್ದು. ಅವಳ ಮುಖ ನೋಡಿದ ಕೂಡಲೇ ಕಪ್ಪೆಯ ಮಾತು ಬಾಯಿಗೆ ಬಂತು. ನಿನ್ನ ಮದುವೆಯ ಕಾಲುಚೀಲವೂ ಹಾಗೇ. ಅವತ್ತು ಇಡೀ ಛತ್ರ ನಕ್ಕಾಗಲೇ ಅವು ಬೇರೆ ಬೇರೆ ಅಂತ ನನಗೆ ಗೊತ್ತಾದದ್ದು.

ಗುಂಡಿ ಕಾರ್ಖಾನೆಯಲ್ಲಿ ಹೇಗೆ ನಡೆಯಿತು ಅನ್ನುತ್ತೀಯ. ಹೊಸದರಲ್ಲಿ ಕೆಂಪು ಗುಂಡಿಯನ್ನೆಲ್ಲ ನಾಲ್ಕು ತೂತಿನ ಅಚ್ಚಿನಲ್ಲೂ ಹಸಿರನ್ನೆಲ್ಲ ಎರಡು ತೂತಿನದರಲ್ಲೂ ಹಾಕುತ್ತಿದ್ದರು. ಬೆರಳಿಗೆ ಸಿಗುತ್ತಿತ್ತು. ಆಮೇಲೆ ಅಚ್ಚು ಬದಲಾಯಿತು, ಎಲ್ಲ ಬಣ್ಣವೂ ಎಲ್ಲ ಅಚ್ಚಿನಲ್ಲಿ. ಬಣ್ಣ ಬೆರಳಿಗೆ ಸಿಗದಾಯಿತು. ಎದುರು ಮೇಜಿನವಳಿಗೆ ಆಗಷ್ಟೇ ಬೆರಳಿನ ಗೆಣ್ಣು ಬಾತು ಸಣ್ಣ ಅಳತೆ ಸಿಗುತ್ತಿರಲಿಲ್ಲ. ಒಂದು ದಿನ ಅವಳು ನನ್ನ ತಟ್ಟೆ ತನ್ನ ಕಡೆ ಎಳೆದುಕೊಂಡು ತನ್ನದನ್ನು ನನ್ನ ಕಡೆ ತಳ್ಳಿದಳು. ಅಲ್ಲಿಂದ ಅವಳ ಅಳತೆ ನನ್ನದು, ನನ್ನ ಬಣ್ಣ ಅವಳದು. ಇಪ್ಪತ್ತೆರಡು ವರ್ಷ. ಇಬ್ಬರೂ ಆ ಬಗ್ಗೆ ಒಂದು ಮಾತು ಆಡಲಿಲ್ಲ. ಹೋಗುವ ದಿನ ಅವಳು "ಇನ್ನು ನಿಮ್ಮ ತಟ್ಟೆ ಯಾರು ನೋಡ್ತಾರೆ" ಅಂದಳು. ನಾನು ಏನೋ ತಮಾಷೆ ಮಾಡಿದೆ. ವಿಳಾಸ ಕೇಳಲಿಲ್ಲ. ಕೇಳಿದರೆ ಯಾಕೆ ಅಂತ ಹೇಳಬೇಕಾಗುತ್ತಿತ್ತು.

ಅವಳು ಹೋದ ಮೂರನೇ ವಾರ ಮಕ್ಕಳ ಕೋಟಿನ ಗುಂಡಿಯ ಒಂದು ಮೂಟೆ ಪೂರ್ತಿ ಬೆರಕೆಯಾಗಿ ಹೋಯಿತು. ಅದರ ಮೇಲೆ ನನ್ನ ಚೀಟಿ ಇತ್ತು. ಮೇಲ್ವಿಚಾರಕ ಬೈದ, ನಾನು ನಕ್ಕೆ, ಗೇಟಿಗೆ ಹಾಕಿದರು. ಬಡ್ತಿ ಅಂದೆನಲ್ಲ, ಅದು ಇದು. ಇಲ್ಲೂ ಒಳಗೆ ಬರುವ ಲಾರಿಗೆ ಕೆಂಪು ಚೀಟಿ, ಹೊರಗೆ ಹೋಗುವುದಕ್ಕೆ ಹಸಿರು ಚೀಟಿ. ಮೇಲೆ ಕೆಂಪು ಅಂತ ಬರೆದ ಕಟ್ಟು ಬಂದ ದಿನವೇ ಅದರ ಚೀಟಿಗಳ ಮೂಲೆ ಕತ್ತರಿಸಿಟ್ಟುಕೊಂಡಿದ್ದೇನೆ. ಯಾಕೆ ಅಂದರೆ ಭದ್ರತೆ ಅನ್ನುತ್ತೇನೆ.

ನಿನ್ನ ಪಾರ್ಸೆಲಿಗೆ ಮೂರು ಭಾನುವಾರ ಗುಂಡಿ ಆರಿಸಿದ್ದು ಸುಳ್ಳಲ್ಲ. ಹಳೆಯ ಲೆಕ್ಕದಲ್ಲಿ, ತೂತು ಮುಟ್ಟಿ ಆರಿಸಿದೆ. ತೊಟ್ಟಿಯ ತಳದಲ್ಲಿ ಹಳೆಯ ಮಾಲು ಇರಬಹುದೆಂದು ಆಸೆಪಟ್ಟೆ.

ಈಗ ನಿನಗೆ ಸಿಟ್ಟು ಬರುವ ಮಾತು. ಮಗು ನಾಲ್ಕು ತೂತಿನವನ್ನು ಒಂದು ಕಡೆ ಹಾಕಿ ತಾತ ಸರಿಯಾಗೇ ಇಟ್ಟಿದ್ದಾರೆ ಅಂದನೆಂದು ನೀನು ಬರೆದಿದ್ದೆ. ಆ ಸಾಲು ಓದಿದ ಕೂಡಲೇ ನನಗೆ ತಿಳಿಯಿತು. ಅವನ ಕಣ್ಣು ನನ್ನದೇ. ಆದರೂ ಕುಚೇಷ್ಟೆ ಅಂತ ಬರೆದು ಅಂಚೆಗೆ ಹಾಕಿದೆ. ಒಂದು ತಿಂಗಳು ಸುಮ್ಮನಿದ್ದೆ. ಆ ಒಂದು ತಿಂಗಳಲ್ಲಿ ನೀನು ಅವನ ಕೈಗೆ ಹೊಡೆದೆ. ಆ ಏಟು ನಿನ್ನದಲ್ಲ, ನನ್ನದು.

ಅವನು ನಿಧಾನದವನಲ್ಲ. ಯಾವುದು ಕಾಣುವುದಿಲ್ಲವೋ ಅದನ್ನು ಕಾಣುವುದೆಂದು ಸುಳ್ಳು ಹೇಳಲು ಅವನಿಗಿನ್ನೂ ಬಂದಿಲ್ಲ, ಅಷ್ಟೇ. ಕಲಿಯುವ ಮೊದಲು ಹೋಗಿ ಹೇಳು.

ಮಾವ

೬ ಡಿಸೆಂಬರ್

ಮಾವ,

ನಿನ್ನ ಕಾಗದ ಬಂದ ದಿನ ಪಾಳಿಗೆ ಹೋಗಲಿಲ್ಲ. ಟೀಚರ್ ಮಕ್ಕಳ ಕುರ್ಚಿಯಲ್ಲೇ ಕೂತು ಅದನ್ನು ಎರಡು ಸಲ ಓದಿದರು. ಎದ್ದು ಒಂದು ಡಬ್ಬ ತಂದು ನೀಲಿ ಮಣಿ, ಹಳದಿ ಮಣಿ ಪುಟ್ಟನ ಮುಂದೆ ಸುರಿದರು. ನಾವಿಬ್ಬರೂ ಉಸಿರು ಬಿಡುವಷ್ಟರಲ್ಲಿ ಎರಡು ಬಟ್ಟಲಾಗಿತ್ತು. ಟೀಚರ್ ಕಣ್ಣೊರೆಸಿಕೊಂಡರು. "ನಾನು ಒಂದು ದಿನವೂ ಬೇರೆ ಬಣ್ಣ ಕೊಟ್ಟು ನೋಡಲಿಲ್ಲವಲ್ಲ" ಅಂದರು.

ಕಣ್ಣಿನ ಡಾಕ್ಟರ ಹತ್ತಿರವೂ ಹೋಗಿಬಂದೆವು. ಚುಕ್ಕಿಗಳ ನಡುವೆ ಅಡಗಿರುವ ಅಂಕಿ ತೋರಿಸುತ್ತಾರೆ. ನನಗೆ ಕಂಡದ್ದು ಅವನಿಗೆ ಕಾಣಲಿಲ್ಲ. ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದಂತೆ, ದಾಟಿಸುವ ತಾಯಿಗೆ ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲವಂತೆ. ಅಜ್ಜಿಯಿಂದ ನಿನಗೆ, ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ, ನನ್ನಿಂದ ಅವನಿಗೆ. "ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯಾ" ಅಂದರು. "ನಮ್ಮ ಮಾವನಿಗೆ" ಅಂದೆ.

ನಾಲ್ಕನೇ ತಾರೀಕು ಅವನನ್ನು ಕೂರಿಸಿ ನೋಡಿದರು. ಇದೇ ಶಾಲೆಯಲ್ಲಿ ಮುಂದಿನ ತರಗತಿಗೆ ಹೋಗುತ್ತಾನೆ. ಅಂಗಿಗಳ ಗುರುತು ಬಿಚ್ಚುತ್ತಿದ್ದೇನೆ.

ನಿನ್ನ ಮೇಲೆ ಸಿಟ್ಟಿದೆ ಮಾವ, ಸುಳ್ಳು ಹೇಳುವುದಿಲ್ಲ. ಆ ತಿಂಗಳ ಸಿಟ್ಟು. ಅದು ಹೋಗಲು ಸ್ವಲ್ಪ ದಿನ ಬೇಕು. ಆದರೆ ಅಮ್ಮನಿಗೂ ಹೇಳದೆ ಒಬ್ಬನೇ ಹೇಗೆ ಇದ್ದೆ ಅಂತ ಯೋಚಿಸಿದರೆ ಸಿಟ್ಟು ಮಧ್ಯದಲ್ಲೇ ನಿಂತುಹೋಗುತ್ತದೆ.

ಪುಟ್ಟನಿಗೆ ಹೇಳಿದೆ, ನಿನ್ನ ಕಣ್ಣು ತಾತನ ಕಣ್ಣಿನ ಹಾಗೆ ಅಂತ. "ತಾತನಿಗೂ ಚೆಂಡು ಸಿಗಲ್ವಾ?" ಅಂದ. ನೀನೇ ಬರೆ.

ನಿನ್ನ ಅಕ್ಕನ ಮಗಳು

೧೪ ಡಿಸೆಂಬರ್

ಇರುವೆ ಸಾಹೇಬರಿಗೆ,

ಅಮ್ಮ ಓದಿ ಹೇಳುತ್ತಾಳೆ, ನೀನು ಪಕ್ಕದಲ್ಲಿ ಕೂತು ಕೇಳು.

ತಾತನಿಗೂ ಚೆಂಡು ಸಿಗುವುದಿಲ್ಲ. ಆದರೆ ಉಪಾಯ ಇದೆ. ಹುಲ್ಲಿನಲ್ಲಿ ಬಣ್ಣ ಹುಡುಕಬೇಡ, ದುಂಡಗಿರುವುದನ್ನು ಹುಡುಕು. ಹುಲ್ಲು ನಿಂತಿರುತ್ತದೆ, ಚೆಂಡು ಕೂತಿರುತ್ತದೆ. ಮಂಡಿಯೂರಿ ಕಣ್ಣು ಕೆಳಗೆ ತಂದರೆ ಬೇಗ ಸಿಗುತ್ತದೆ. ರಸ್ತೆ ದಾಟುವವರ ಸಿಗ್ನಲ್ ದೀಪದಲ್ಲಿ ಮೇಲಿನದು ಹೊತ್ತಿದರೆ ನಿಲ್ಲು, ಕೆಳಗಿನದು ಹೊತ್ತಿದರೆ ಅಮ್ಮನ ಕೈ ಹಿಡಿದು ನಡೆ. ಹಣ್ಣನ್ನು ನೋಡಿ ಆರಿಸಬೇಡ, ಮೂಸಿ ನೋಡು, ಹೆಬ್ಬೆರಳಲ್ಲಿ ಮೆತ್ತಗೆ ಒತ್ತಿ ನೋಡು. ಇದರಲ್ಲಿ ಈ ಜಗತ್ತಿನಲ್ಲೇ ನನ್ನಷ್ಟು ಅನುಭವ ಇರುವವರಿಲ್ಲ.

ಇನ್ನೊಂದು ಉಪಾಯವಿದೆ, ಕೇಳುವುದು. "ಇದು ಯಾವ ಬಣ್ಣ" ಅಂತ ಪಕ್ಕದವರನ್ನ ಕೇಳಿಬಿಡುವುದು. ಬಹಳ ಒಳ್ಳೆಯ ಉಪಾಯವಂತೆ. ನಾನು ಅರವತ್ತೊಂದು ವರ್ಷ ಮಾಡಿ ನೋಡಿರಲಿಲ್ಲ. ಮೊನ್ನೆ ಅಂಗಡಿಯಲ್ಲಿ ಕುತ್ತಿಗೆಗೆ ಸುತ್ತುವ ಉಣ್ಣೆಯ ಪಟ್ಟಿ ಎತ್ತಿ ಹಿಡಿದು ಕೇಳಿದೆ. ಅಂಗಡಿಯವನು "ಕೆಂಪು ಸಾರ್" ಅಂದು ಮುಂದಿನ ಗಿರಾಕಿಯ ಕಡೆ ತಿರುಗಿದ. ಅಷ್ಟೇ. ನಾನು ಅದನ್ನೇ ಕೊಂಡು ಕುತ್ತಿಗೆಗೆ ಸುತ್ತಿಕೊಂಡು ಮನೆಗೆ ಬಂದೆ.

ಆ ಪಟ್ಟಿ ಈಗ ನನ್ನ ಮುಂದೆ ಮೇಜಿನ ಮೇಲಿದೆ. ಅದರಿಂದ ಒಂದು ಎಳೆ ಬಿಡಿಸಿ ಈ ಲಕೋಟೆಯೊಳಗೆ ಹಾಕಿದ್ದೇನೆ. ಬೆಳಕಿನಲ್ಲಿ ಹಿಡಿದು ನೋಡು. ಅಮ್ಮನ ಮುಖ ನೋಡಬೇಡ, ಅವಳಿಗೆ ಇದು ಗೊತ್ತಾಗುವುದಿಲ್ಲ. ನನಗೆ ಇದು ನೀರು ಬಿದ್ದ ಹಳೆಯ ಹಲಗೆಯ ಹಾಗೆ ಕಾಣುತ್ತದೆ. ನಿನಗೂ ಹಾಗೇನಾ, ಅಥವಾ ಬೇರೆಯಾ? ಅಮ್ಮನ ಕೈಯಲ್ಲಿ ಬರೆಸಿ ಕಳಿಸು. ಅವಸರವಿಲ್ಲ. ಇದನ್ನು ಯಾರನ್ನಾದರೂ ಕೇಳಬೇಕೆಂದು ಚಿಕ್ಕಂದಿನಿಂದ ಇಟ್ಟುಕೊಂಡಿದ್ದೆ, ಕೇಳಲು ಯಾರೂ ಇರಲಿಲ್ಲ.

ನಿನ್ನ ತಾತ